ಚಿಲಿಯ ಮೇಲೆ ನಾಲ್ಕು ಬಿಲ್ಲೆ

ಅರ್ಜೆಂಟೀನಾದ ಪೊಸಿತೊ ಊರಿನಲ್ಲಿ ನೀರುಗಂಟಿ ಎಲ್ವಿಯೊ ತೇಹಾದನನ್ನು ಒಮ್ಮೆಯಾದರೂ ಬೈಯದ ದ್ರಾಕ್ಷಿ ತೋಟದವರಿಲ್ಲ. ಹಾಗೆಯೇ, ಕಾಲುವೆಯ ತೂಬಿನ ಬಳಿ ಅವನಿದ್ದಾನೆಂದು ತಿಳಿದ ಮೇಲೆ ತಮ್ಮ ಪಾಳಿಯ ನೀರು ಕಾಯಲು ಎದ್ದು ಹೋದವರೂ ಇಲ್ಲ. ಯಾರ ಪಾಳಿ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎನ್ನುವುದನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡು ಮೂವತ್ತೊಂದು ವರ್ಷ ಗೇಟು ಎತ್ತಿದ, ಇಳಿಸಿದ.

ಬೇಕರಿಯ ದೆಲಿಯಾಗೆ ಅವನ ಕಟ್ಟುನಿಟ್ಟಿನ ರುಚಿ ಚೆನ್ನಾಗಿ ಗೊತ್ತು. ಮಳೆ ಹಿಮ ಎರಡೂ ಕೈಕೊಟ್ಟ ವರ್ಷ, ಅವಳ ಪೀಚ್ ಸಸಿಗಳ ಕೊನೆಯ ಸಾಲುಗಳಿಗೆ ನೀರು ಹರಿಯುವ ಮೊದಲೇ ಪಾಳಿ ಮುಗಿಯಿತು. ಗೇಟು ಹಿಡಿದುಕೊಂಡು ಬೇಡಿದಳು. ಅವಳ ಮಗಳ ದೀಕ್ಷಾಸ್ನಾನದ ದಿನ ಧರ್ಮತಂದೆಯಾಗಿ ಮಗುವನ್ನು ಎತ್ತಿ ಹಿಡಿದವನು ಅವನೇ. ಆದರೂ ಗಡಿಯಾರ ನೋಡಿ ಗೇಟು ಇಳಿಸಿಬಿಟ್ಟ. ಆ ಸಾಲುಗಳ ಸಸಿಗಳೆಲ್ಲ ಒಣಗಿಹೋದವು. ಎರಡು ವರ್ಷ ಅವಳು ಅವನೊಡನೆ ಮಾತು ಬಿಟ್ಟಳು.

ಮತ್ತೆ ಮಾತು ಬೆಳೆದದ್ದು ತೆಗ್ ಎಂಬ ಯುದ್ಧದಾಟದ ಮೇಜಿನ ಸುತ್ತ. ಲೋಕದ ನಕಾಶೆ, ಬಣ್ಣಬಣ್ಣದ ಬಿಲ್ಲೆಗಳ ಪಡೆ, ದಾಳ, ಯಾವ ಯಾವ ದೇಶ ಗೆಲ್ಲಬೇಕೆಂದು ತಲೆಗೊಂದು ಗುಟ್ಟಿನ ಚೀಟಿ. ಭಾನುವಾರ ದೆಲಿಯಾಳ ಮನೆಯಲ್ಲಿ ಊಟಕ್ಕೆ ಕೂತರೆ ಹೊತ್ತು ಮುಳುಗುವವರೆಗೂ ಏಳುವ ಮಾತಿಲ್ಲ. ಆಡುವವರು ನಾಲ್ವರು: ಎಲ್ವಿಯೊ, ದೆಲಿಯಾ, ಟೀಚರ್ ಮಾಬೆಲ್ ಮತ್ತು ಬಟ್ಟೆ ಅಂಗಡಿಯ ನಾಸೆರ್. ಅರಬ್ ಮೂಲದವರಿಗೆಲ್ಲ ಅಲ್ಲಿ ತುರ್ಕೊ ಎಂದೇ ಹೆಸರು; ಅಜ್ಜ ಸಿರಿಯಾದವನಾದ್ದರಿಂದ ನಾಸೆರನನ್ನೂ ಊರೆಲ್ಲ ಹಾಗೇ ಕರೆಯುತ್ತಿತ್ತು. ಆಟದಲ್ಲಿ ಒಬ್ಬರೊಡನೊಬ್ಬರು ಸಂಧಿ ಮಾಡಿಕೊಳ್ಳಬಹುದು, ಕೈಕೊಡಲೂಬಹುದು. ಎಲ್ಲರೂ ಕೈಕೊಡುತ್ತಿದ್ದರು, ಎಲ್ವಿಯೊ ಒಬ್ಬನನ್ನು ಬಿಟ್ಟು. ಹಾಗಾಗಿಯೇ ಅವನು ಸೋಲುತ್ತಿದ್ದ. ಗೆದ್ದವರ ಹೆಸರನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆಯುವುದು ರೂಢಿ. ಹನ್ನೊಂದು ವರ್ಷದಲ್ಲಿ ಅಲ್ಲಿ ಅವನ ಹೆಸರು ಒಮ್ಮೆಯೂ ಏರಿರಲಿಲ್ಲ, ಈಗ ಉಳಿದದ್ದು ಒಂದೇ ಸಾಲಿನ ಜಾಗ.

ಆ ಭಾನುವಾರ ಎಲ್ವಿಯೊಗೆ ಒಂದೇ ದೇಶ ಬಾಕಿ ಇತ್ತು. ಅವನೇನೂ ಬಾಯಿಬಿಡಲಿಲ್ಲ, ಆದರೆ ಗುಟ್ಟು ಬಚ್ಚಿಡಲು ಬಾರದ ಮುಖ ಅವನದು. ಊಟವಾದಾಗಿನಿಂದ ಚಿಲಿಯನ್ನೇ ನೋಡುತ್ತ ಕೂತಿದ್ದ.

"ಲೋ, ಚಿಲಿ ನೋಡ್ಬೇಕಂದ್ರೆ ಕಿಟಕಿ ಕಡೆ ತಿರುಗೋ. ಆ ಬೆಟ್ಟದಾಚೇನೇ ಇದೆ" ಎಂದು ತುರ್ಕೊ ಛೇಡಿಸಿದ. ಚಿಲಿ ತುರ್ಕೊನ ವಶದಲ್ಲಿತ್ತು.

"ನಿನ್ನ ಪಾಳಿ ಮುಗಿಸು, ಆಮೇಲೆ ಬಾಯಿ ಬಿಡು" ಎಂದ ಎಲ್ವಿಯೊ.

ತುರ್ಕೊ ಪಾಳಿ ಮುಗಿಸಿದ. ಮುಂದಿನ ಪಾಳಿ ಎಲ್ವಿಯೊನದು. ಇವತ್ತೊಂದು ದಿನ ಇವನು ಗೆಲ್ಲಲಿ ತಾಯಿ ಎಂದು ದೆಲಿಯಾ ಮನಸ್ಸಿನಲ್ಲೇ ಹರಕೆ ಹೊತ್ತಳು. ಅಷ್ಟರಲ್ಲಿ ಹೊರಗಿನ ಒಲೆಯಿಂದ ಮಾಂಸದ ಕಡುಬು ಎಂಪನಾದಾ ಸೀಯುವ ವಾಸನೆ ಬಂತು. ಸೊಂದಾ ಬಿಸಿಗಾಳಿ ಬೀಸುವಾಗ ಬಾಗಿಲು ತೆರೆಯಬಾರದೆಂದು ಅಲ್ಲಿನ ಹಸುಗೂಸಿಗೂ ಗೊತ್ತು. ಆದರೆ ತಿಂಡಿ ಸೀದರೆ ತುರ್ಕೊಗೆ ದೇವರೂ ಕಾಣುವುದಿಲ್ಲ. ಎದ್ದು ಬಾಗಿಲು ತೆರೆದೇಬಿಟ್ಟ. ಒಳಗೆ ನುಗ್ಗಿದ ಗಾಳಿ ನಕಾಶೆಯನ್ನು ಮಗುಚಿ ಹಾಕಿತು. ನೂರಾರು ಬಿಲ್ಲೆಗಳು ಕಪಾಟಿನ ಕೆಳಗೆ, ನಾಯಿಯ ತಟ್ಟೆಗೆ, ಎಲ್ಲೆಂದರಲ್ಲಿ ಚೆಲ್ಲಿದವು.

"ಅಯ್ಯೋ ನಿನ್ನ ಹೊಟ್ಟೆ ಸೇದ್ಹೋಗ! ಐದು ಗಂಟೆ ಆಟ ಕಣೋ!" ಎಂದು ಮಾಬೆಲ್ ಕಿರುಚಿದಳು.

ಎಲ್ವಿಯೊ ಮಂಡಿಯೂರಿ ಬಿಲ್ಲೆಗಳನ್ನು ಆಯ್ದ. ಬಣ್ಣ ಬೇರ್ಪಡಿಸಿದ. ಆಮೇಲೆ ನಕಾಶೆ ಹರಡಿ, ಯಾರನ್ನೂ ಕೇಳದೆ, ದೇಶ ದೇಶಕ್ಕೆ ಇಡುತ್ತ ಹೋದ. ಬ್ರೆಜಿಲ್‌ಗೆ ಮೂರು, ಈಜಿಪ್ಟ್‌ಗೆ ಒಂದು, ಕಂಚಟ್ಕಾಗೆ ಏಳು. ತನ್ನ ಅರ್ಜೆಂಟೀನಾಕ್ಕೆ ಐದು. ಎಲ್ಲಿಯೂ ತಡವರಿಸಲಿಲ್ಲ. ಮಾಬೆಲ್ ತನ್ನ ದೇಶಗಳನ್ನು ಎಣಿಸಿ ನೋಡಿ ತಲೆಯಾಡಿಸಿದಳು.

ಚಿಲಿ ಬಂತು.

"ಅಲ್ಲಿ ನಂದು ಒಂದೇ ಇತ್ತು" ಎಂದ ತುರ್ಕೊ, ಸೀದ ಎಂಪನಾದಾದ ತಟ್ಟೆ ಹಿಡಿದುಕೊಂಡೇ.

"ಹೌದೌದು, ಒಂದೇ" ಎಂದಳು ದೆಲಿಯಾ.

ಎಲ್ವಿಯೊ ಇಬ್ಬರ ಮುಖವನ್ನೂ ನೋಡಿದ. ಬಿಲ್ಲೆಗಳನ್ನು ಎಣಿಸಿ ಚಿಲಿಯ ಮೇಲಿಟ್ಟ. ನಾಲ್ಕು.

"ಮಾರಾಯ, ಬಿಲ್ಲೆ ನಂದು, ಲೆಕ್ಕ ನಿಂದಾ?" ಎಂದು ತುರ್ಕೊ ರೇಗಿದ.

"ನಾಲ್ಕು" ಎಂದ ಎಲ್ವಿಯೊ. "ಊಟ ಆದ್ಮೇಲೆ ನೀನು ಎರಡು ಇಟ್ಟೆ, ಈಗ ಇನ್ನೆರಡು. ದೆಲಿಯಾ, ನಿನ್ ಕಣ್ಮುಂದೇ ತಾನೇ ಇಟ್ಟಿದ್ದು?"

ದೆಲಿಯಾ ತಲೆ ತಗ್ಗಿಸಿದಳು.

"ನನ್ನ ಹೆಸರು ಬರೀಬೇಕು ಅಂತ ನಿಮಗಿರೋ ಆಸೆ ನಂಗೂ ಇದೆ ಕಣ್ರೋ" ಎಂದ ಎಲ್ವಿಯೊ. "ಆದ್ರೆ ಆ ಮುಚ್ಚಳದಲ್ಲಿ ಒಂದು ಸುಳ್ಳು ಸೇರಿದ್ರೆ, ಮಿಕ್ಕಿದ್ದನ್ನ ಯಾರು ನಂಬ್ತಾರೆ? ಕೊಡಿಲ್ಲಿ ದಾಳ."

ಇಬ್ಬರ ದಾಳವೂ ಸಮ ಬಿದ್ದರೆ ದೇಶ ಕಾಯುವವನೇ ಗೆದ್ದಂತೆ ಎನ್ನುವುದು ಆಟದ ನಿಯಮ. ಅವತ್ತು ಸಮದ ಮೇಲೆ ಸಮ ಬಿತ್ತು. ಎಲ್ವಿಯೊನ ಐದು ಬಿಲ್ಲೆಗಳಲ್ಲಿ ನಾಲ್ಕು ಹೋದವು, ಚಿಲಿಯಲ್ಲಿ ಎರಡು ಉಳಿದುಕೊಂಡವು. ಸುತ್ತು ತಿರುಗಿ ತುರ್ಕೊನ ಪಾಳಿ ಬಂದಾಗ ಅವನು ದಾಳ ಮುಟ್ಟಲೇ ಇಲ್ಲ. ಒಂಟಿ ಬಿಲ್ಲೆಯ ಅರ್ಜೆಂಟೀನಾವೇ ಅವನ ಚೀಟಿಯಲ್ಲಿ ಬಾಕಿ ಉಳಿದ ದೇಶ ಎಂದು ಎಲ್ಲರಿಗೂ ಅರ್ಥವಾಯಿತು.

"ಎಸೀತೀಯೋ ಇಲ್ಲ ನಾನು ಮನೆಗೆ ಹೋಗ್ಲೋ?" ಎಂದು ಎಲ್ವಿಯೊ ಗದರಿಸಿದ.

ತುರ್ಕೊ ಎಸೆದ, ಗೆದ್ದ. ಮುಚ್ಚಳದ ಕೊನೆಯ ಸಾಲಿನಲ್ಲಿ ತನ್ನ ಹೆಸರು ಬರೆದು, ಶಾಪ ಹಾಕಿಸಿಕೊಂಡವನಂತೆ ಪೆನ್ನು ಕೆಳಗಿಟ್ಟ. ಎಲ್ವಿಯೊ ಸೀದ ಎಂಪನಾದಾವನ್ನೇ ಚಪ್ಪರಿಸಿ ತಿನ್ನುತ್ತಿದ್ದ.

ದೆಲಿಯಾ ಮುಚ್ಚಳವನ್ನು ಹತ್ತಿರ ಎಳೆದುಕೊಂಡಳು. ತನ್ನ ಹೆಸರು ಅಲ್ಲಿ ಒಂಬತ್ತು ಸಲ ಇತ್ತು. ಸುಳ್ಳು ಸೇರದ ಮುಚ್ಚಳದಲ್ಲಿ ಆ ಒಂಬತ್ತೂ ನಿಜವಾಗಿ ತನ್ನವೇ ಎಂದು ಅವಳಿಗೆ ಅನ್ನಿಸಿತು. ಯೆರ್ಬಾ ಎಲೆಯ ಕಷಾಯದ ಸೋರೆಬುರುಡೆಗೆ ಬಿಸಿನೀರು ತುಂಬಿ ಮೊದಲು ಎಲ್ವಿಯೊಗೆ ಕೊಟ್ಟಳು.

"ಎಲ್ವಿಯೊ, ಆ ಪೀಚ್ ಸಸಿ ವಿಷಯಕ್ಕೆ ನಾನು ಅವತ್ತು…"

"ಇಪ್ಪತ್ತೇಳು" ಎಂದ ಅವನು, ಬುರುಡೆಯಿಂದ ಕಣ್ಣೆತ್ತದೆ. "ಮೂರು ಸಾಲು, ಸಾಲಿಗೆ ಒಂಬತ್ತು. ನೆನಪಿದೆ ದೆಲಿಯಾ."