ಮೋನಪ್ಪ ಕಾಕಾನ ಚಪ್ಪಲಿಗಳು

ನಮ್ಮ ಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ, ಮೇಲಿನಿಂದ ಎರಡನೆಯ ಅಂತಸ್ತಿನಲ್ಲಿ, ಮನೆಯ ಯಾರ ಕಾಲಿಗೂ ಹೊಂದದ ಒಂದು ಜೊತೆ ಚರ್ಮದ ಚಪ್ಪಲಿಗಳಿವೆ. ಅಂಗುಷ್ಠದ ಜಾಗದಲ್ಲಿ ಕುಳಿ ಬಿದ್ದು, ಹಿಮ್ಮಡಿಯಲ್ಲಿ ಮೂರು ಸಲ ಹೊಲಿಸಿಕೊಂಡು, ಬಣ್ಣವೇನೆಂದು ಹೇಳಲಾಗದಷ್ಟು ಹಳತಾದ ಅವನ್ನು ಕಂಡವರು ಒಳಗೆ ಯಾರೋ ಹಿರಿಯರು ಬಂದಿದ್ದಾರೆಂದುಕೊಂಡು ದನಿ ತಗ್ಗಿಸುತ್ತಾರೆ. ಹಾಗೆ ನಮ್ಮ ಮನೆಗೆ ಎಷ್ಟೋ ವರ್ಷಗಳಿಂದ ಕಾಣದ ಹಿರಿಯರೊಬ್ಬರ ಗೌರವ ಪುಕ್ಕಟೆಯಾಗಿ ಸಲ್ಲುತ್ತಿದೆ. ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿರುವ ನನ್ನ ಯಜಮಾನರು ಮಾತ್ರ ಪ್ರತಿ ದಸರೆಗೆ ಮನೆ ತೊಳೆಯುವಾಗ ಅವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಈ ಸಲರೇ ಇವಕ್ಕೊಂದು ಗತಿ ಕಾಣಸೂಣೇನು?" ಎಂದು ಕೇಳುತ್ತಾರೆ. "ಇರಲಿರಿ, ಅವು ನನ್ನ ಕೆಲಸದವು" ಎನ್ನುತ್ತೇನೆ ನಾನು. ಸುಳ್ಳೇನಲ್ಲ. ನಾನು ಚಪ್ಪಲಿಗಳಿಂದ ಅನ್ನ ತಿನ್ನುವವಳು.

ಗಾಬರಿಯಾಗಬೇಡಿ. ನೀವು ಸಿನಿಮಾದಲ್ಲಿ ನಾಯಕಿ ಮೆಟ್ಟಿಲಿಳಿದು ಬರುವುದನ್ನು ನೋಡುತ್ತೀರಲ್ಲ, ಆಗ ಕೇಳಿಸುವ ಹೆಜ್ಜೆಯ ಸದ್ದು ಬಹಳ ಸಲ ಆಕೆಯದಲ್ಲ. ಹೈದರಾಬಾದಿನ ಕೃಷ್ಣಾನಗರದ ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ, ಪರದೆಯ ಮೇಲಿನ ಅವಳನ್ನು ನೋಡುತ್ತ, ಮೈಕಿನ ಮುಂದೆ ನಾನು ನಡೆದ ಸದ್ದು ಅದು. ಚಿತ್ರೀಕರಣದಲ್ಲಿ ಮಾತು ಹಿಡಿಯುವುದೇ ಕಷ್ಟ, ಬಳೆ, ಸೀರೆಯ ನೆರಿಗೆ, ಲೋಟ, ಬಾಗಿಲ ಚಿಲಕ ಇವನ್ನೆಲ್ಲ ಆಮೇಲೆ ನಾವು ಮಾಡಿ ಕೂಡಿಸುತ್ತೇವೆ. ನಮ್ಮ ಕೋಣೆಯ ನೆಲದಲ್ಲಿ ಒಂದು ಗಜ ಮಣ್ಣು, ಒಂದು ಗಜ ಶಹಾಬಾದ ಕಲ್ಲು, ಒಂದು ಗಜ ಹಲಗೆ, ಇನ್ನೊಂದು ಗಜ ಹೊಳೆಯುವ ಟೈಲ್ಸ್. ನಾಲ್ಕು ಹೆಜ್ಜೆಯಲ್ಲಿ ಹೊಲದಿಂದ ಆಸ್ಪತ್ರೆಗೆ ಹೋಗಿ ಬರಬಹುದು.

ಕಳೆದ ತಿಂಗಳು ಅಮೀರ್‌ಪೇಟಿನ ತರಬೇತಿ ಸಂಸ್ಥೆಯೊಂದರಿಂದ ಕರೆ ಬಂತು. ಎಲ್ಲ ವಿದ್ಯೆಯನ್ನೂ ಆರು ವಾರದಲ್ಲಿ ಕಲಿಸಿ ಮುಗಿಸುವ ಆ ಬೀದಿಯಲ್ಲಿ ಈಗ ಸಿನಿಮಾದ ಧ್ವನಿ ಕೆಲಸವೂ ಪಾಠವಾಗಿದೆಯಂತೆ. ಮಕ್ಕಳಿಗೆ ಒಂದು ಗಂಟೆ, ಈ ಉದ್ಯೋಗದಲ್ಲಿ ಮುಂದೆ ಬರುವುದು ಹೇಗೆಂದು ಹೇಳಬೇಕು. ಮುಂದೆ ಬರುವ ಮಾತಾದರೆ ನಾನು ಒಂದು ಗಜದೊಳಗೇ ಇಷ್ಟು ವರ್ಷ ನಡೆದವಳು! ಆದರೂ ಕರೆದದ್ದಕ್ಕೆ ಉಬ್ಬಿ ಒಪ್ಪಿಕೊಂಡೆ. ರಜೆಯ ದಿನ ಮಧ್ಯಾಹ್ನ ಊಟದ ನಂತರ ಮಗಳ ಹಳೆಯ ನೋಟುಬುಕ್ಕು ಹಿಡಿದು ಬರೆಯಲು ಕುಳಿತೆ.

ಬರೆದದ್ದೆಲ್ಲ ಅನುಭವದ ಮಾತೇ. ಕೆಲಸಕ್ಕೆ ಬರುವಾಗ ಹಳೆಯ ಹತ್ತಿಬಟ್ಟೆ ಉಡಿ, ಹೊಸ ರೇಷ್ಮೆ ಮೈಕಿನ ಮುಂದೆ ನಿಮಗಿಂತ ಹೆಚ್ಚು ಮಾತಾಡುತ್ತದೆ. ಹಸಿದ ಹೊಟ್ಟೆಯಲ್ಲಿ ಬರಬೇಡಿ, ನಾಯಕ ಕಣ್ಣೀರಿಡುವ ಮೌನದಲ್ಲಿ ನಿಮ್ಮ ಹೊಟ್ಟೆ ಗುರುಗುಟ್ಟಿ ಇಡೀ ದೃಶ್ಯವನ್ನು ಮತ್ತೆ ಮಾಡಬೇಕಾಗುತ್ತದೆ (ನನಗಾಗಿದೆ). ಇಂದು ತಂತಿ ಸುತ್ತಿಡುವ ಹುಡುಗಿಯ ಹೆಸರನ್ನು ಮರೆಯಬೇಡಿ, ನಾಳೆ ಅವಳೇ ನಿಮ್ಮನ್ನು ಕೆಲಸಕ್ಕೆ ಕರೆಯುವವಳು. ಯಾರ ಮನೆಯ ಹಳೆಯ ಚಪ್ಪಲಿಯನ್ನೂ ಎಸೆಯಗೊಡಬೇಡಿ. ಹೀಗೆ ಎರಡು ಪುಟ ಸರಸರ ತುಂಬಿತು. ಕೊನೆಗೆ, ಇಂಥ ಭಾಷಣಕ್ಕೆ ಒಂದು ಘನವಾದ ಮುಕ್ತಾಯ ಬೇಕಲ್ಲವೇ, "ತಪ್ಪಾದರೆ ನನ್ನದೇ ತಪ್ಪೆಂದು ಮೊದಲು ನೀವೇ ಹೇಳಿ" ಎಂದು ಬರೆದೆ. ಬರೆದದ್ದನ್ನು ಓದಿದೆ. ಪೆನ್ನು ಅಲ್ಲೇ ನಿಂತುಬಿಟ್ಟಿತು.

ಈ ಕೆಲಸ ನನಗೆ ಕಲಿಸಿದವರು ಮೋನಪ್ಪ ಕಾಕಾ. ಯಾದಗಿರಿ ಕಡೆಯ ಹಳ್ಳಿಯಿಂದ ಕಟ್ಟಡದ ಕೂಲಿಗೆಂದು ಹೈದರಾಬಾದಿಗೆ ಬಂದು, ಸ್ಟುಡಿಯೋದ ಗೋಡೆ ಕಟ್ಟುವಾಗ ಅಲ್ಲಿಯವರ ಕಣ್ಣಿಗೆ ಬಿದ್ದು, ಸಿಮೆಂಟು ಹೊರುವುದನ್ನು ಬಿಟ್ಟು ಒಳಗೆ ಸೇರಿಕೊಂಡವರು. ಅಕ್ಷರ ಅಷ್ಟಕ್ಕಷ್ಟೆ. ಆದರೆ ಪರದೆಯ ಮೇಲೆ ಒಬ್ಬ ಮನುಷ್ಯ ಮೂರು ಹೆಜ್ಜೆ ಹಾಕುವುದರೊಳಗೆ ಅವನ ಪೂರ್ವಾಪರವನ್ನು ಹೇಳಬಲ್ಲವರಾಗಿದ್ದರು. ಕಲಬುರಗಿಯಿಂದ ಮದುವೆಯಾಗಿ ಬಂದು, ಮಗಳು ಶಾಲೆಗೆ ಸೇರಿದ ಮೇಲೆ ಹಗಲೆಲ್ಲ ಏನು ಮಾಡುವುದೆಂದು ತೋಚದೆ, ಪರಿಚಯದವರ ಮಾತು ಹಿಡಿದು ಅಲ್ಲಿಗೆ ಹೋದ ನನ್ನ ಬಾಯಲ್ಲಿ ಕನ್ನಡ ಕೇಳಿದ ಕೂಡಲೇ ಅವರ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

"ಕಾಲ ನೋಡಬ್ಯಾಡ ತಂಗಿ," ಎನ್ನುತ್ತಿದ್ದರು. "ಹೆಗಲ ನೋಡು. ಮನಶ್ಯಾ ಏನ ಹೊತ್ತಾನ ಅನ್ನೂದು ಮದಲ ಕೇಳು. ಅದರ ಮ್ಯಾಲೆ ಕಾಲ ಬೀಳತಾವ."

ಅದು ಅವರ ಪದ್ಧತಿ. ತೆರೆಯ ಮೇಲಿನವರು ಕೊಡ ಹೊತ್ತಿದ್ದರೆ ಇವರೂ ನೀರು ತುಂಬಿದ ಕೊಡ ಹೊತ್ತೇ ನಡೆಯುವರು, ಪೆಟ್ಟಿಗೆಯಾದರೆ ಪೆಟ್ಟಿಗೆ. ಬರಿಗೈಯವನಾದರೂ ಅವನೇನು ಹೊತ್ತಿದ್ದಾನೆಂದು ಅರ್ಧ ನಿಮಿಷ ಕಣ್ಣು ಮುಚ್ಚಿ ಯೋಚಿಸುವರು. ಸರಿ ಬಂದಾಗ ಹೊಗಳಿಕೆ, ಚಪ್ಪಾಳೆ ಏನೂ ಇಲ್ಲ, ಒಂದೇ ಮಾತು, "ಬಂತು." ಆ ಒಂದು ಮಾತಿಗಾಗಿ ನಾನು ಇಡೀ ದಿನ ಶಹಾಬಾದ ಕಲ್ಲಿನ ಮೇಲೆ ಓಡಾಡಿದ್ದುಂಟು.

ಒಂದು ವರ್ಷ ಕಳೆದಿತ್ತು. ನನ್ನನ್ನು ಕಾಯಂ ಮಾಡಿಕೊಳ್ಳುವುದೋ ಬಿಡುವುದೋ ಎಂದು ಸ್ಟುಡಿಯೋದವರು ನಿರ್ಧರಿಸುವ ವಾರ ಅದು. ಕಾಕಾ ಕಣ್ಣು ತೋರಿಸಿಕೊಳ್ಳಲು ಹೋಗಿದ್ದರಿಂದ ಒಂದು ದೃಶ್ಯವನ್ನು ನಾನೊಬ್ಬಳೇ ಮಾಡಿದೆ. ಆಸ್ಪತ್ರೆಯ ಉದ್ದನೆಯ ಮೊಗಸಾಲೆ, ಕಾಯಿಲೆಯಿಂದ ಉಳಿದು ನಿದ್ದೆ ಹೋದ ಕೂಸನ್ನು ಎತ್ತಿಕೊಂಡು ತಾಯಿಯೊಬ್ಬಳು ಹೊರಗೆ ಬರುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ, ಹೆಜ್ಜೆ ಮಾತ್ರ. ನನ್ನ ಹೆಜ್ಜೆ ಅವಳ ಹೆಜ್ಜೆಗೆ ಕೂದಲೆಳೆಯಷ್ಟೂ ತಪ್ಪದೆ ಕೂಡಿತು. ಧ್ವನಿ ಹಿಡಿಯುವವರು ಭೇಷ್ ಎಂದರು. ಸಂಜೆ ಬಸ್ಸಿನಲ್ಲಿ ನಿಂತು ಬಂದರೂ ಸಿಂಹಾಸನದಲ್ಲಿ ಕುಳಿತು ಬಂದಂತಿತ್ತು.

ಮರುದಿನ ಕಾಕಾ ಅದನ್ನು ಎರಡು ಸಲ ಹಾಕಿಸಿ ಕೇಳಿದರು.

"ಕೂಸು ಎಲ್ಲೈತಿ ತಂಗಿ?"

"ಕೈಯಾಗ ಐತೆಲ್ಲರಿ ಕಾಕಾ, ನೋಡ್ರಿ."

"ಕಣ್ಣಿಗಿ ಐತಿ. ಕಿವಿಗಿಲ್ಲ. ಬರಿಗೈಲೆ ನಡದೀದಿ ನೀ."

ನಿಜ. ನಾನು ಏನನ್ನೂ ಎತ್ತಿಕೊಂಡಿರಲಿಲ್ಲ, ಪದ್ಧತಿಯೇ ಮರೆತುಹೋಗಿತ್ತು. ಮರೆತಿತ್ತೋ, ಇನ್ನು ನನಗೆ ಅದರ ಅಗತ್ಯವಿಲ್ಲವೆಂಬ ಜಂಬವಿತ್ತೋ, ಈಗ ನಿಮ್ಮೆದುರು ಮುಚ್ಚಿಡುವುದೇನು, ಜಂಬವೇ. ಮತ್ತೆ ಮಾಡೋಣವೆಂದರೆ ಆ ದೃಶ್ಯ ಅದಾಗಲೇ ಎಲ್ಲ ಸದ್ದುಗಳನ್ನು ಕೂಡಿಸುವ ಮುಂದಿನ ಕೆಲಸಕ್ಕೆ ಹೋಗಿಬಿಟ್ಟಿತ್ತು. ಎರಡು ದಿನದ ಮೇಲೆ ನಿರ್ದೇಶಕರು ಸಿಟ್ಟಿನಿಂದ ಬಂದರು. ಇಡೀ ಚಿತ್ರದ ಜೀವವಾದ ದೃಶ್ಯದಲ್ಲಿ ತಾಯಿ ಪೇಟೆಗೆ ಹೊರಟವಳಂತೆ ಟಕಟಕ ನಡೆಯುತ್ತಾಳೆ, ಯಾರು ಮಾಡಿದ್ದು ಇದನ್ನು, ಎಂದು ಎಲ್ಲರ ಎದುರು ಕೇಳಿದರು. ಸ್ಟುಡಿಯೋದ ಮಾಲೀಕರೂ ಅಲ್ಲೇ ಇದ್ದರು. ನಾನು ನನ್ನ ಕಾಲ ಬೆರಳು ನೋಡುತ್ತ ನಿಂತೆ. ಬಾಯಿ ತೆರೆದರೆ ಕೆಲಸ ಹೋಗುತ್ತದೆ ಎನ್ನುವುದಲ್ಲದೆ ತಲೆಯಲ್ಲಿ ಬೇರೇನೂ ಇರಲಿಲ್ಲ.

"ನಾದೇ ತಪ್ಪು ಸಾರ್," ಎಂದು ತಮಗೆ ಬರುವ ಅಷ್ಟಿಷ್ಟು ತೆಲುಗಿನಲ್ಲಿ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು ಕಾಕಾ.

ಮತ್ತೆ ಮಾಡಲು ಹೊತ್ತಿಲ್ಲದೆ ಚಿತ್ರ ಹಾಗೆಯೇ ತೆರೆಗೆ ಹೋಯಿತು. ನಾನು ಕಾಯಂ ಆದೆ. ಮುದುಕನ ಕಿವಿ ಮಂದವಾಗಿದೆ ಎಂಬ ಮಾತು ಕೃಷ್ಣಾನಗರದ ಚಹಾ ಅಂಗಡಿಗಳಲ್ಲಿ ಸುತ್ತಾಡಿ, ಕಾಕಾನನ್ನು ಕರೆಯುವವರು ಕಡಿಮೆಯಾಗುತ್ತ ಬಂದು, ವರ್ಷ ತುಂಬುವ ಹೊತ್ತಿಗೆ ಅವರು ಊರಿಗೆ ಹೊರಟುನಿಂತರು. ಹೋಗುವ ದಿನ ಆ ಚಪ್ಪಲಿಗಳನ್ನು ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, "ಗಂಡಮಕ್ಕಳ ನಡಿಗಿಗೆ ಬೇಕಾಗತಾವ, ಇಟ್ಟುಕೊ" ಎಂದರು. ಅಂದೂ ನಾನು ಹೇಳಬೇಕಾದದ್ದನ್ನು ಹೇಳಲಿಲ್ಲ. ಆಮೇಲೆ ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದೆ, ಆರೋಗ್ಯ, ಮೊಮ್ಮಕ್ಕಳು, ಮಳೆ ಬೆಳೆ ಎಲ್ಲ ವಿಚಾರಿಸುತ್ತಿದ್ದೆ. ಎಷ್ಟೊಂದು ಮಾತಾಡಿ ಒಂದು ಮಾತನ್ನು ಆಡದೆ ಇರಬಹುದೆಂಬುದಕ್ಕೆ ಆ ಫೋನುಗಳೇ ಸಾಕ್ಷಿ.

ನೋಟುಬುಕ್ಕು ಮುಚ್ಚಿದೆ. ಅಮೀರ್‌ಪೇಟಿಗೆ ಒಯ್ದು ಮಕ್ಕಳಿಗೆ ತೋರಿಸೋಣವೆಂದು ಗೂಡಿನಿಂದ ಚಪ್ಪಲಿಗಳನ್ನು ತೆಗೆದೆ, ಏನನಿಸಿತೋ ಕಾಲಿಗೆ ಹಾಕಿಕೊಂಡೆ, ಫೋನು ಹಚ್ಚಿದೆ. ಕುಳಿತು ಮಾತಾಡುವುದು ನನಗೆ ಬಾರದು, ಬಾಗಿಲು ತೆರೆದು ನಮ್ಮ ಅಪಾರ್ಟ್‌ಮೆಂಟಿನ ಮೊಗಸಾಲೆಯಲ್ಲಿ ಅತ್ತಿಂದಿತ್ತ ಅಡ್ಡಾಡುತ್ತ ಕಾಕಾನಿಗೆ ಎಲ್ಲವನ್ನೂ ಹೇಳಿದೆ. ಅಂದು ಸುಮ್ಮನೆ ನಿಂತದ್ದು, ಅವರ ಕೆಲಸ ನನ್ನಿಂದ ಹೋದದ್ದು, ಇಷ್ಟು ವರ್ಷ ಬಾಯಿ ಬಿಡದೆ ಇದ್ದದ್ದು. ಅಳಬಾರದೆಂದುಕೊಂಡಿದ್ದೆ, ಅತ್ತೆ.

"ಕಾಕಾ, ನಿಮಗ ಭಾಳ ಬ್ಯಾಸರಾಗಿತ್ತೇನ್ರಿ?"

"ಆಗಿತ್ತು. ಸುಳ್ಳ್ಯಾಕ ಹೇಳಲಿ?" ಎಂದರು. ದನಿ ಸೋತಿತ್ತು, ಮಾತು ಸೋತಿರಲಿಲ್ಲ. "ಮಂದ್ಯಾಗ ನಿನ್ನ ಕಾಲ ನಡಗಾಕತ್ತಿದ್ದು, ನೋಡಾಕ ಆಗಲಿಲ್ಲ, ಅಂದಬಿಟ್ಟೆ. ಆದರ ನೀ ಬಂದು ನನ್ನ ಮುಂದರೇ ಒಂದ ಮಾತ ಹೇಳತಿ ಅಂತ ಒಂದ ವರ್ಷ ಕಾದೀನಿ ತಂಗಿ."

 ಮೊಗಸಾಲೆಯ ತುದಿಗೆ ಹೋಗಿ, ತಿರುಗಿ ಇನ್ನೆರಡು ಹೆಜ್ಜೆ ಹಾಕಿದೆ.

"ಕಾಲಾಗ ನನ್ನ ಚಪ್ಪಲಿ ಅದಾವೇನು?" ಎಂದರು ಕಾಕಾ. "ಎಡಗಾಲಿಂದು ಇನ್ನೂ ಕಿರಗುಡತೈತಿ."

ಕಿವಿ ಮಂದವಾಗಿದೆ ಎಂದವರೆಲ್ಲ ಅಲ್ಲಿರಬೇಕಿತ್ತು.

"ಅದಾವರಿ."

"ಆ ಸೀನ ನೆನಪೈತಲ್ಲ? ನಡಿ ಹಂಗಾರ. ನಾ ಕೇಳತೀನಿ."

ಅಡುಗೆಮನೆಗೆ ಹೋಗಿ ಜೋಳದ ಹಿಟ್ಟಿನ ಚೀಲ ತಂದೆ. ಫೋನನ್ನು ಮೊಗಸಾಲೆಯ ನಡುವೆ ನೆಲದ ಮೇಲಿಟ್ಟು, ಚೀಲವನ್ನು ಎದೆಗೊತ್ತಿ ಹಿಡಿದು, ಲಿಫ್ಟಿನ ಬಾಗಿಲಿನಿಂದ ನಮ್ಮ ಬಾಗಿಲವರೆಗೆ ನಡೆದುಬಂದೆ. ದೊಡ್ಡ ಚಪ್ಪಲಿ ಜಾರದಂತೆ ಬೆರಳು ಬಿಗಿಹಿಡಿಯಬೇಕಿತ್ತು, ಕೂಸು ಏಳದಂತೆ ಹಿಮ್ಮಡಿಯನ್ನು ಮೆಲ್ಲನೆ ಊರಬೇಕಿತ್ತು. ಎದುರುಮನೆಯವರು ಬಾಗಿಲು ತೆರೆದು ನೋಡಿ, ಏನೂ ಕೇಳದೆ ಮತ್ತೆ ಹಾಕಿಕೊಂಡರು. ಅವರು ಏನೆಂದುಕೊಂಡರೋ ಅಂದುಕೊಳ್ಳಲಿ. ನಡೆದು ಮುಗಿದ ಮೇಲೆ ಬಗ್ಗಿ ಫೋನು ಎತ್ತಿಕೊಂಡೆ.

"ಬಂತು," ಎಂದರು ಕಾಕಾ.

ಅಮೀರ್‌ಪೇಟಿಗೆ ಬರುವ ವಾರ ಹೋಗುತ್ತೇನೆ. ನೋಟುಬುಕ್ಕಿನ ಕೊನೆಯ ಸಾಲನ್ನು ಹೊಡೆದುಹಾಕಿಲ್ಲ, ಅದನ್ನು ಬರೆಯಲು ನನಗೆ ಎಷ್ಟು ವರ್ಷ ಹಿಡಿಯಿತೆಂದು ಅದರ ಕೆಳಗೆ ಬರೆದಿದ್ದೇನೆ. ಚಪ್ಪಲಿಗಳು ಮತ್ತೆ ಗೂಡಿನ ಎರಡನೆಯ ಅಂತಸ್ತಿನಲ್ಲಿವೆ. ಯಜಮಾನರಿಗೂ ಎಲ್ಲ ಹೇಳಿದ್ದೇನೆ. ನಿನ್ನೆ ಅವರು ಕಚೇರಿಯಿಂದ ಬಂದವರು ಅವುಗಳ ಪಕ್ಕದಲ್ಲಿ ತಮ್ಮ ಚಪ್ಪಲಿ ಬಿಡುತ್ತ, ನನ್ನನ್ನೊಮ್ಮೆ ನೋಡಿ, ಕಾಕಾನ ಚಪ್ಪಲಿಗಳನ್ನು ಎತ್ತಿ ಧೂಳು ಒರೆಸಿ ಇಟ್ಟರು.