ಹೋಗ್ತೀವಿ ಅನ್ನಬ್ಯಾಡ

ಇವತ್ತು ಬೆಳಿಗ್ಗೆ ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ರೋಣದ ಬಸ್ ಹತ್ತುತ್ತಾ ಮಗಳು, "ಅವ್ವಾ, ಹೋಗ್ತೀನಿ" ಎಂದಳು. ಫೇಲಾದ ಪಿಯುಸಿ ಪರೀಕ್ಷೆಯನ್ನು ಮತ್ತೆ ಬರೆಯಲು ಹೊರಟವಳು. ಮುಖ ಬಾಡಿತ್ತು. ಆ ಒಂದು ಮಾತು ನನ್ನನ್ನು ತವರೂರು ಹೊಳೆಮಣ್ಣೂರಿಗೆ ಎಳೆದೊಯ್ದಿತು.

ನಾನಾಗ ಚಿಕ್ಕವಳು. ಮಲಪ್ರಭೆಯ ನೀರು ಓಣಿಯೊಳಗೇ ಬಂದಿತ್ತು. ಎಲ್ಲೆಲ್ಲೂ ನೆನೆದ ಮಣ್ಣಿನ ಗೋಡೆಗಳ ವಾಸನೆ. ಟ್ರ್ಯಾಕ್ಟರಿನಲ್ಲಿ ಜೋಳದ ಚೀಲ, ಹಾಸಿಗೆ, ಅವುಗಳ ಮೇಲೆ ನಾನು ಮತ್ತು ಅವ್ವ. ಒಣಗಿಸಿದ ಕಟಕ ರೊಟ್ಟಿಯ ಗಂಟನ್ನು ಅವಳು ನನ್ನ ಮಡಿಲಲ್ಲಿಟ್ಟು, "ಇದು ತೋಯಬಾರದು, ನಿಂದಽ ಜವಾಬ್ದಾರಿ" ಎಂದಳು. ಗಾಡಿ ಕದಲಿದಾಗ ನಾನು ಮನೆಯತ್ತ ಕೈ ಬೀಸಿ, "ಹೋಗ್ತೀವಿ" ಎಂದೆ.

ಅವ್ವ ಗಾಡಿ ನಿಲ್ಲಿಸಿಬಿಟ್ಟಳು.

"ನೀರು ಏರಾಕತ್ತೈತಿ, ಲಗೂ ಹೋಗೂಣು," ಎಂದು ಟ್ರ್ಯಾಕ್ಟರ್ ನಡೆಸುತ್ತಿದ್ದ ಅಪ್ಪ ಗದರಿದ. ಅವಳು ಕೇಳಲಿಲ್ಲ.

"ಬರ್ತೀವಿ ಅನ್ನು," ಎಂದಳು ನನಗೆ.

"ಮನಿ ಬಿದ್ರ?"

"ಮನಿ ಇರತೈತೋ ಇಲ್ಲೋ ನನಗ ಗೊತ್ತಿಲ್ಲ. ನಾವಂತೂ ಬರ್ತೀವಿ."

ಅಂದೆ. ಆಮೇಲೆಯೇ ಗಾಡಿ ಹೊರಟಿತು.

ನೀರು ಇಳಿದ ಮೇಲೆ ಬಂದಾಗ ಉಳಿದಿದ್ದು ಒಂದೇ ಗೋಡೆ. ಅವ್ವ ಅದರ ಮಗ್ಗುಲಲ್ಲೇ ಕಲ್ಲಿಟ್ಟು ಒಲೆ ಹೂಡಿದಳು.

ಕಂಡಕ್ಟರ್ ಸೀಟಿ ಊದಿದ. ನಾನು ಬಸ್ಸಿನ ಕಿಟಕಿಯ ಸರಳು ಬಿಡಲಿಲ್ಲ.

"ಬರ್ತೀನಿ ಅನ್ನು."

"ಮತ್ತ ಫೇಲಾದ್ರ, ಅವ್ವಾ?"

"ಪಾಸಾಗ್ತಿಯೋ ಇಲ್ಲೋ ನನಗ ಗೊತ್ತಿಲ್ಲ. ನೀ ಅಂತೂ ಬರ್ತಿ. ಸಂಜಿಗೆ ಬಿಸಿ ರೊಟ್ಟಿ ಮಾಡಿರ್ತೀನಿ."

"ಅಂದ್ಬಿಡವಾ ತಂಗಿ, ಬಸ್ ಬಿಡಬೇಕು," ಎಂದ ಕಂಡಕ್ಟರ್.

ಅಂದಳು.