ಎಡಕ್ಕೆ ಎಮಿಲ್ಡಾ, ಬಲಕ್ಕೆ ಮ್ಯಾಥ್ಯೂ

ಎಮಿಲ್ಡಾ ಲೋಬೊಗೆ ಟ್ರೌಟ್ ಮೀನು ಕಂಡರಾಗದು. "ಇದು ಎಂತ ಮೀನು, ಇಂದು? ಉಪ್ಪುನೀರು ನೋಡಿಯೇ ಗೊತ್ತಿಲ್ಲ ಇದಕ್ಕೆ. ಬಾಯಲ್ಲಿ ಹತ್ತಿ ಇಟ್ಟ ಹಾಗೆ ಆಗ್ತದೆ," ಎಂದು ಮೂಗು ಮುರಿಯುತ್ತಲೇ ಅದಕ್ಕೆ ಮೆಣಸು, ಹುಣಸೆ ಅರೆದು ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕುವಳು. ಇಂದು ಎಂದರೆ ನಾನೇ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದವಳು, ಮೀನಿನ ರುಚಿಯ ಬಗ್ಗೆ ತೀರ್ಪು ಕೊಡಲಾರೆ. ಆದರೆ ಲಂಡನ್ನಿನ ಸೌತ್‌ಹಾಲ್‌ನಲ್ಲಿ ನಮ್ಮ ಎರಡು ಮನೆಗಳಿಗೂ ಇದ್ದದ್ದು ಒಂದೇ ಗೋಡೆ. ಅವರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಮ್ಯಾಥ್ಯೂಗಿಂತ ಮೊದಲು ನನಗೆ ತಿಳಿಯುತ್ತಿತ್ತು.

ಮ್ಯಾಥ್ಯೂ ಅವಳ ಗಂಡ. ಕಾರ್ಕಳದ ಆಚೆಯ ಹಳ್ಳಿಯವರು. ಊರಿನಲ್ಲಿ ಅವರು ಕಂಡ ನೀರೆಂದರೆ ಬಾವಿಯದು. ವಿಮಾನಗಳಿಗೆ ಊಟ ಕಟ್ಟಿಕೊಡುವ ಕಿಚನ್ನಿನಲ್ಲಿ ಕೆಲಸ. ಅಲ್ಲಿನ ಗೆಳೆಯನೊಬ್ಬ ಒಂದು ಭಾನುವಾರ ಮೀನು ಹಿಡಿಯಲು ಕರೆದೊಯ್ದದ್ದೇ ನೆಪ, ಹುಚ್ಚು ಹತ್ತಿತು. ಲಂಡನ್ನಿನ ಪಶ್ಚಿಮದ ಅಂಚಿನಲ್ಲಿ ಜಲ್ಲಿ ತೆಗೆದು ಬಿಟ್ಟ ದೊಡ್ಡ ಹೊಂಡಗಳಿವೆ. ಈಗ ಅವು ಆಳವಾದ ಕೆರೆಗಳು. ಕೆಲವಕ್ಕೆ ಟ್ರೌಟ್ ತಂದು ಬಿಡುತ್ತಾರೆ. ತೊಂಬತ್ತೇಳರಲ್ಲಿ ಮ್ಯಾಥ್ಯೂ ಯಾರೋ ಬಳಸಿದ್ದ ಹಸಿರು ಕಯಾಕ್ ಒಂದನ್ನು ಕೊಂಡು ತಂದರು. ಕಯಾಕ್ ಎಂದರೆ ಕಿರಿದಾದ ಹಗುರ ದೋಣಿ, ಎರಡೂ ತುದಿಗೆ ಹಲಗೆಯಿರುವ ಹುಟ್ಟು ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತ ಸಾಗುವುದು. ಅದರಲ್ಲಿ ಎರಡು ಸೀಟುಗಳಿದ್ದವು.

"ಎರಡು ಯಾಕೆ?" ಎಂದು ನಾನು ಕೇಳಿದೆ.

"ಇವಳೂ ಬರ್ತಾಳೆ ಅಂತ," ಎಂದರು ಮ್ಯಾಥ್ಯೂ, ಸ್ವಲ್ಪ ನಾಚಿಕೊಂಡು.

ಎಮಿಲ್ಡಾ ಒಳಗಿನಿಂದಲೇ ಉತ್ತರಿಸಿದಳು: "ನನ್ನ ಅಪ್ಪ ಕಲ್ಯಾಣಪುರದಲ್ಲಿ ಹೊಳೆ ದಾಟಿಸುವ ಕಡವಿನ ದೋಣಿ ನಡೆಸ್ತಿದ್ದದ್ದು. ಸಣ್ಣ ಪ್ರಾಯ ಪೂರ್ತಿ ದೋಣಿಯೊಳಗಿನ ನೀರು ಮೊಗೆದು ಹೊರಗೆ ಚೆಲ್ಲಿದ್ದೇನೆ. ಲಂಡನ್ನಿಗೆ ಬಂದು ಪುನಃ ಅದನ್ನೇ ಮಾಡ್ಲಿಕ್ಕುಂಟಾ?"

ಹಾಗೆ ಅವಳ ಸೀಟಿನಲ್ಲಿ ಗಾಳದ ಪೆಟ್ಟಿಗೆ, ಊಟದ ಡಬ್ಬಿ ಕೂತು ಕೆರೆ ಸುತ್ತಿದವು. ಮ್ಯಾಥ್ಯೂಗೆ ಬೇಸರವಾಗಿತ್ತು ಎಂದು ನನಗೆ ಗೊತ್ತು. ಆದರೆ ಅವರು ಬೇಸರವನ್ನು ಬಾಯಲ್ಲಿ ಹೇಳುವ ಪೈಕಿಯವರಲ್ಲ.

ಬದಲಿಗೆ ಮೀನಿನ ವಿಷಯ ಹೇಳುವರು. ಬೇಸಿಗೆ ಬಂತೆಂದರೆ ಮೇಲಿನ ನೀರು ಬೆಚ್ಚಗಾಗುತ್ತದಂತೆ, ಟ್ರೌಟ್ ತಂಪು ಹುಡುಕಿ ತಳಕ್ಕೆ ಇಳಿಯುತ್ತದಂತೆ. ದಡದಲ್ಲಿ ನಿಂತು ಎಸೆದ ಗಾಳ ಅಲ್ಲಿಗೆ ಮುಟ್ಟದು. ದಾರಕ್ಕೆ ಸೀಸದ ಗುಂಡು ಕಟ್ಟಿ ಆಳಕ್ಕಿಳಿಸಿ, ಕೆರೆಯ ನಡುವೆ ಕಯಾಕನ್ನು ನಿಧಾನವಾಗಿ, ಸದ್ದಿಲ್ಲದೆ, ನೇರವಾಗಿ ನಡೆಸಬೇಕು. ದೋಣಿ ಅಡ್ಡ ತಿರುಗಿದರೆ ದಾರ ಸಡಿಲ. ದಾರ ಸಡಿಲವಾದರೆ ಕಚ್ಚಿದ ಮೀನೂ ಬಿಡಿಸಿಕೊಂಡು ಹೋಗುತ್ತದೆ. "ಸೀದಾ ಹೋಗುದೇ ಇಡೀ ವಿದ್ಯೆ, ಇಂದು," ಎನ್ನುವರು. ನಾನು ಬೇಲಿಯ ಈಚೆ ಬಟ್ಟೆ ಒಣಹಾಕುತ್ತ ಹೂಂಗುಟ್ಟುತ್ತಿದ್ದೆ.

ಎರಡು ಸಾವಿರದ ಮೂರರ ಚಳಿಗಾಲದಲ್ಲಿ ಮ್ಯಾಥ್ಯೂಗೆ ಲಕ್ವ ಹೊಡೆಯಿತು. ಎಡಗಾಲು ನಿಧಾನಕ್ಕೆ ಸರಿಹೋಗಿ ಕೋಲು ಹಿಡಿದು ನಡೆಯುವಷ್ಟಾಯಿತು. ಎಡಗೈ ಮಾತ್ರ ಮಡಿಲಲ್ಲೇ ಉಳಿಯಿತು. ಕೆಲಸ ಹೋಯಿತು. ದಿನವಿಡೀ ಟಿವಿಯ ಮುಂದೆ ಕೂರುವರು, ಅದಕ್ಕೂ ಧ್ವನಿ ಇರುತ್ತಿರಲಿಲ್ಲ. ಹಿತ್ತಿಲಿನ ಕಯಾಕಿಗೆ ಟಾರ್ಪಾಲು ಹೊದಿಸಿ, "ಯಾರಿಗಾದ್ರೂ ಕೊಟ್ಟುಬಿಡು" ಎಂದರು.

"ಯಾಕೆ ಕೊಡುದು? ನಾನು ಕಲಿತು ನಿಮ್ಮನ್ನು ಕರ್ಕೊಂಡು ಹೋಗ್ತೇನೆ," ಎಂದಳು ಎಮಿಲ್ಡಾ.

ಅವರಿಬ್ಬರ ಮಾತು ಕೊಂಕಣಿಯಲ್ಲಿ. ನಾನಿದ್ದರೆ ಮಾತ್ರ ನನ್ನ ಮುಖ ನೋಡಿ ಕನ್ನಡ. ಅಂದು ನಾನಿದ್ದೆ. ಮ್ಯಾಥ್ಯೂ ತಲೆ ಎತ್ತದೆ ಅಂದರು: "ನಾನು ಸಾಮಾನಲ್ಲ, ಎದುರಿಗೆ ಇಟ್ಕೊಂಡು ಸಾಗಿಸ್ಲಿಕ್ಕೆ."

ಆ ಸಂಜೆ ಎಮಿಲ್ಡಾ ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು. ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಇಳಿಸುವ ಕೆಲಸ ಅವಳದು, ಗಟ್ಟಿ ಹೆಂಗಸು. ಅವಳು ಅಳುವುದನ್ನು ನಾನು ನೋಡಿದ್ದೇ ಇಲ್ಲ. "ಆ ನೀರಿಗೆ ಹೋಗದಿದ್ರೆ ಇವರು ಆ ಕುರ್ಚಿಯಲ್ಲೇ ಮುಗಿದು ಹೋಗ್ತಾರೆ, ಮಾರಾಯ್ತಿ," ಎಂದಳು. ಕಾಫಿ ಕೊಟ್ಟೆ. ಬೇರೇನು ಮಾಡಲೂ ನನಗೆ ತೋಚಲಿಲ್ಲ.

ಆದರೂ ಅವಳು ಹಠ ಬಿಡಲಿಲ್ಲ. ಮಾರ್ಚಿನಲ್ಲಿ ಈಜುಕೊಳದಲ್ಲಿ ಕಯಾಕ್ ಕಲಿಸುವ ತರಗತಿಗೆ ಸೇರಿದಳು, ಧೈರ್ಯಕ್ಕೆ ನನ್ನನ್ನೂ ಎಳೆದುಕೊಂಡು ಹೋದಳು. ಎಲ್ಲರೂ ಹದಿನೆಂಟು ಇಪ್ಪತ್ತರವರು, ಇವಳಿಗೆ ಐವತ್ತು ದಾಟಿತ್ತು. ಮೊದಲ ದಿನವೇ ತಮಾಷೆಯಾಯಿತು. ಉಳಿದವರ ಕಯಾಕುಗಳು ಆಚೆ ದಡ ಮುಟ್ಟಿದವು, ಎಮಿಲ್ಡಾಳದು ನಿಂತಲ್ಲೇ ಗರಗರ ಸುತ್ತಿತು. ಕಡವಿನ ದೋಣಿಯಲ್ಲಿ ಅಪ್ಪ ಹಿಂದೆ ಕೂತು ಎಡಗಡೆ ಮಾತ್ರ ಹುಟ್ಟು ಹಾಕುತ್ತಿದ್ದ, ಪ್ರತಿ ಸಲವೂ ಕೊನೆಗೆ ಮಣಿಕಟ್ಟು ತಿರುಗಿಸಿ ದೋಣಿಯನ್ನು ನೇರ ಮಾಡುತ್ತಿದ್ದ. ಇವಳ ಕೈಗೆ ಗೊತ್ತಿದ್ದದ್ದು ಅದೇ. ಎರಡು ಹಲಗೆಯ ಹುಟ್ಟು ಕೊಟ್ಟರೂ ಅದೊಂದೇ ಬದಿಗೆ ಹಾಕಿ ಮಣಿಕಟ್ಟು ತಿರುಗಿಸುವಳು. ಈ ಹಗುರ ದೋಣಿ ಅದಕ್ಕೆಲ್ಲ ಜಗ್ಗಲಿಲ್ಲ.

"ಬೋತ್ ಸೈಡ್ಸ್, ಎಮಿಲ್ಡಾ! ಬೋತ್ ಸೈಡ್ಸ್!" ಎಂದು ಕಲಿಸುವ ಹುಡುಗಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಳು.

ಮನೆಗೆ ಬಂದು ಎಮಿಲ್ಡಾ ಅದನ್ನೆಲ್ಲ ಗಂಡನಿಗೆ ನಟಿಸಿ ತೋರಿಸಿದಳು. ಮ್ಯಾಥ್ಯೂ ನಕ್ಕರು. ಲಕ್ವ ಹೊಡೆದ ಮೇಲೆ ಆ ಮನೆಯಿಂದ ಅವರ ನಗು ಕೇಳಿದ್ದು ಅದೇ ಮೊದಲು; ನನ್ನ ಗಂಡ ಸತ್ಯಪ್ರಕಾಶ ಪೇಪರು ಕೆಳಗಿಟ್ಟು ಗೋಡೆಯ ಕಡೆ ನೋಡಿದರು.

"ಹಾಗಾದ್ರೆ ನಿನಗೆ ಬಲಬದಿಗೆ ಒಂದು ಜನ ಬೇಕು," ಎಂದರಂತೆ ಮ್ಯಾಥ್ಯೂ, ತಮಾಷೆಗೆ.

"ಬೇಕು. ನಿಮ್ಮ ಬಲಗೈ ಎಂತ ಮಾಡ್ತಾ ಉಂಟು ಈಗ? ರಿಮೋಟ್ ಒತ್ತುದಲ್ವಾ?" ಎಂದಳಂತೆ ಇವಳು.

ಮುಂದಿನ ವಾರ ಹಿತ್ತಿಲಿನಲ್ಲಿ ಗರಗಸದ ಸದ್ದು ಕೇಳಿಸಿತು. ಮ್ಯಾಥ್ಯೂ ಹಳೆಯ ಹುಟ್ಟನ್ನು ಮೊಣಕಾಲಿನಲ್ಲಿ ಒತ್ತಿ ಹಿಡಿದು, ಒಂಟಿ ಕೈಯಲ್ಲಿ ಅರ್ಧಕ್ಕೆ ಕೊಯ್ಯುತ್ತಿದ್ದರು. ಒಂದು ಕೈಗೆ ಒಗ್ಗುವ ಮೋಟು ಹುಟ್ಟು. ಟಾರ್ಪಾಲು ತೆಗೆದಾಗಿತ್ತು. ಆಮೇಲೆ ಸಂಜೆಯಾದರೆ ಇಬ್ಬರೂ ಹುಲ್ಲಿನ ಮೇಲಿನ ಕಯಾಕಿನಲ್ಲಿ ಹಿಂದೆ ಮುಂದೆ ಕೂತು ಗಾಳಿಗೆ ಹುಟ್ಟು ಹಾಕುವರು. ಅವರ ಮಗಳು ಶರಲ್ ಕಿಟಕಿಯಿಂದ, "ಮಮ್, ಪ್ಲೀಸ್, ನೇಬರ್ಸ್ ನೋಡ್ತಾರೆ!" ಎನ್ನುವಳು. ನೇಬರ್ ನಾನೇ. ಬೇಲಿಗೆ ಒರಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ.

ಇತ್ತ ಈಜುಕೊಳದ ತರಗತಿ ನಡೆದೇ ಇತ್ತು. ಎಮಿಲ್ಡಾ ಕಯಾಕ್ ಮಗುಚಿ ನೀರು ಕುಡಿದಳು, ಏದುಸಿರು ಬಿಡುತ್ತ ಮತ್ತೆ ಹತ್ತಿದಳು. ಕೊನೆಯ ದಿನ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹುಟ್ಟು ಹಾಕುತ್ತ ಕೊಳದ ಈ ತುದಿಯಿಂದ ಆ ತುದಿಗೆ ದಾರ ಹಿಡಿದ ಹಾಗೆ ಹೋದಳು. ಹುಡುಗಿ ಬಂದು ತಬ್ಬಿಕೊಂಡಳು. ನಾನು ಚಪ್ಪಾಳೆ ತಟ್ಟಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ತನ್ನ ಬಲ ಅಂಗೈಯನ್ನೇ ನೋಡುತ್ತ ಕೂತಿದ್ದಳು. ಸುಸ್ತಾಗಿರಬೇಕು ಅಂದುಕೊಂಡೆ.

ಜೂನಿನಲ್ಲಿ ಅವರ ಡಾಕ್ಟರು ಒಪ್ಪಿಗೆ ಕೊಟ್ಟರು, ಲೈಫ್ ಜಾಕೆಟ್ ಕಳಚಬಾರದೆಂಬ ಷರತ್ತಿನ ಮೇಲೆ. ಸತ್ಯಪ್ರಕಾಶ ನಮ್ಮ ಕಾರಿನ ತಲೆಗೆ ಕಯಾಕ್ ಕಟ್ಟಿದರು. ಕೆರೆಯ ಅಂಚಿನಲ್ಲಿ ಅವರೂ ಕೆರೆಯ ಕಾವಲಿನವನೂ ಸೇರಿ ಮ್ಯಾಥ್ಯೂ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಮಂಡಿಗಳ ನಡುವೆ ಗಾಳದ ಕೋಲು ನಿಲ್ಲಿಸುವ ಹಿಡಿ, ಬಲಗೈಯಲ್ಲಿ ಮೋಟು ಹುಟ್ಟು. ಹಿಂದೆ ಎಮಿಲ್ಡಾ, ಶಿಲುಬೆಯ ಗುರುತು ಮಾಡಿಕೊಂಡಳು. ದಡ ಬಿಟ್ಟರು.

ಎಮಿಲ್ಡಾ ಎಡಕ್ಕೆ ಮಾತ್ರ ಹಾಕುತ್ತಿದ್ದಳು. ಗಾಬರಿಯಲ್ಲಿ ಕಲಿತದ್ದೆಲ್ಲ ಮರೆತಳೇ? "ಬೋತ್ ಸೈಡ್ಸ್!" ಎಂದು ಕೂಗಬೇಕೆಂದಿದ್ದೆ, ಅಷ್ಟರಲ್ಲಿ ಮ್ಯಾಥ್ಯೂ ಬಲಕ್ಕೆ ಹಾಕಿದರು. ದೋಣಿ ನೇರವಾಯಿತು. ಎಡಕ್ಕೆ ಇವಳು, ಬಲಕ್ಕೆ ಅವರು. ವಿಮಾನಗಳು ತಲೆಯ ಮೇಲೆ ಒಂದರ ಹಿಂದೊಂದು ಇಳಿಯುತ್ತಿದ್ದವು, ಕೆಳಗೆ ಆ ಹಸಿರು ದೋಣಿ ಆಳದ ಕಡೆಗೆ ಸಾಗಿತು.

ಅವರು ದಾರ ಇಳಿಸಿ ಎರಡು ಸುತ್ತು ಬಂದರು. ಮೂರನೆಯದಕ್ಕೆ ನಮ್ಮ ದಡದ ಹತ್ತಿರದಲ್ಲೇ ಗಾಳದ ಕೋಲು ಬಾಗಿತು. ಮ್ಯಾಥ್ಯೂ ಹುಟ್ಟನ್ನು ಕಾಲ ಬಳಿ ಹಾಕಿ ದಾರ ಸುತ್ತುವ ರೀಲಿನ ಹಿಡಿ ತಿರುಗಿಸತೊಡಗಿದರು. ಗಾಳಿ ಅಡ್ಡ ಬೀಸುತ್ತಿತ್ತು. ಬಲಬದಿಗೆ ಈಗ ಯಾರೂ ಇಲ್ಲ, ದೋಣಿ ತಿರುಗಿಬಿಡಬೇಕಿತ್ತು. ತಿರುಗಲಿಲ್ಲ. ಗಂಡನ ಬೆನ್ನ ಹಿಂದೆ ಎಮಿಲ್ಡಾಳ ಹುಟ್ಟು ಎಡಕ್ಕೊಮ್ಮೆ, ಬಲಕ್ಕೊಮ್ಮೆ, ನೀರಿನ ಸದ್ದೂ ಆಗದಂತೆ ಆಡುತ್ತಿತ್ತು. ಮೀನು ಹಿಡಿಕೆಯ ಸಣ್ಣ ಬಲೆಗೆ ಬಂತು. ಮ್ಯಾಥ್ಯೂ ಅದನ್ನು ಎತ್ತಿ ನಮಗೆ ತೋರಿಸಿ ಕೂಗಿಕೊಂಡರು. ಅವರು ಮತ್ತೆ ಮೋಟು ಹುಟ್ಟು ಕೈಗೆತ್ತಿಕೊಂಡ ಕೂಡಲೇ ಎಮಿಲ್ಡಾಳ ಬಲಬದಿ ನಿಂತುಹೋಯಿತು.

ಆಗ ನನಗೆ ತಿಳಿಯಿತು, ಅವಳು ಏನನ್ನೂ ಮರೆತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಒಂದು ಮೀನಿಗಾಗಿ ಅತ್ತೆ.

ಮನೆ ಮುಟ್ಟಿ ಕಯಾಕ್ ಇಳಿಸುವಾಗ ಎಮಿಲ್ಡಾ ನನ್ನ ಮೊಣಕೈ ಹಿಡಿದಳು. "ನಿನ್ನ ಕಣ್ಣು ಚುರುಕುಂಟು, ಇಂದು. ಬಾಯಿ ಸ್ವಲ್ಪ ಕಡಿಮೆ ಮಾಡು," ಎಂದಳು.

ಕಡಿಮೆ ಮಾಡಿದೆ. ನನ್ನನ್ನು ಬಲ್ಲವರಿಗೆ ಗೊತ್ತು, ಅದು ಸಣ್ಣ ತ್ಯಾಗವಲ್ಲ. ಆಮೇಲೆ ನಾಲ್ಕಾರು ಬೇಸಿಗೆ ಅವರು ಆ ಕೆರೆಗೆ ಹೋದರು. ಕ್ರಿಸ್‌ಮಸ್ ಊಟಕ್ಕೆ ಕ್ರೋಯ್ಡನ್‌ನಿಂದ ನೆಂಟರು ಬಂದರೆ ಮ್ಯಾಥ್ಯೂ ಕೊಚ್ಚಿಕೊಳ್ಳುವರು: "ಇವಳಿಗೆ ಇನ್ನೂ ಒಂದೇ ಬದಿ ಬರುದು. ನಾನಿಲ್ಲದಿದ್ರೆ ಕೆರೆಯ ನಡುವಲ್ಲಿ ಸುತ್ತುತ್ತಾ ಇರ್ತಾಳೆ." ಎಮಿಲ್ಡಾ ಬಡಿಸುತ್ತ ನಾಚಿದವಳಂತೆ ತಲೆ ತಗ್ಗಿಸುವಳು. ನಾನು ಬಾಯಿಗೆ ಇಡ್ಲಿಯಂಥ ಸನ್ನಾ ತುರುಕಿಕೊಳ್ಳುತ್ತಿದ್ದೆ.

ಎರಡು ಸಾವಿರದ ಎಂಟರ ಒಂದು ಸಂಜೆ, ಎಮಿಲ್ಡಾ ಒಳಗೆ ಮೀನು ಹುರಿಯುತ್ತಿದ್ದಾಗ, ಮ್ಯಾಥ್ಯೂ ಬೇಲಿಯ ಬಳಿ ಬಂದು ನಿಂತರು.

"ಇಂದು, ಮೊದಲ ಮೀನು ಬಂದ ದಿವಸ ನಾನು ಹುಟ್ಟು ಕೆಳಗೆ ಹಾಕಿದ್ದೆ. ದೋಣಿ ಸೀದಾ ಇತ್ತು. ಒಂದೇ ಬದಿ ಹಾಕಿದ್ರೆ ಸೀದಾ ಇರ್ತದಾ?"

ನಾನು ಪಿಳಿಪಿಳಿ ನೋಡಿದೆ. "ಅಂದ್ರೆ ನಿಮಗೆ ಅವತ್ತಿನಿಂದಲೂ ಗೊತ್ತಿತ್ತಾ? ಮತ್ಯಾಕೆ ಅವಳಿಗೆ ಹೇಳಲಿಲ್ಲ?"

"ಹೇಳಿದ್ರೆ ಅವಳು ಆ ಬದಿಯನ್ನೂ ಹಾಕ್ಲಿಕ್ಕೆ ಶುರು ಮಾಡ್ತಾಳೆ," ಎಂದರು. ಎಡಗೈಯನ್ನು ಬಲಗೈಯಿಂದ ಎತ್ತಿ ಬೇಲಿಯ ಮೇಲೆ ಇಟ್ಟುಕೊಂಡರು. "ಅಷ್ಟು ವರ್ಷ ಅವಳ ಸೀಟು ಖಾಲಿ ಇತ್ತು. ಈಗ ಬಂದಿದ್ದಾಳೆ. ಅವಳಿಗೆ ಹೇಳ್ಬೇಡ, ಹಾಂ?"

"ಇಂದು, ಅಲ್ಲಿ ಎಂತ ಗುಸುಗುಸು?" ಎಂದು ಒಳಗಿನಿಂದ ಎಮಿಲ್ಡಾ ಕೂಗಿದಳು.

"ಏನಿಲ್ಲ ಕಣೆ, ಮೀನಿನ ವಿಷಯ," ಎಂದೆ. ಮೀನು ತಿನ್ನದವಳ ಈ ಮಾತನ್ನು ಅವಳು ನಂಬಿದಳೋ ಇಲ್ಲವೋ, ಇವತ್ತಿಗೂ ಕೇಳಿಲ್ಲ.